ನಾನು ಕಿತ್ತುಹಾಕಿದ ‘ಅಂತೆ’

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಒಂದಿಷ್ಟು ತತ್ವಶಾಸ್ತ್ರ ಮಾತಾಡುವವಳಿದ್ದೇನೆ, ಆಗ ನೀವು ನನ್ನನ್ನು ಗಟ್ಟಿಗಿತ್ತಿ ಅಂತ ತಪ್ಪು ತಿಳಿಯಬಾರದು. ಕುಕ್ಕರ್ ಕೂಗಿದರೆ ಎದೆ ಹಾರುತ್ತದೆ. ಅಪವೇಳೆಯಲ್ಲಿ ಫೋನು ಬಡಿದುಕೊಂಡರೆ ಎತ್ತುವ ಮೊದಲೇ ಯಾರೋ ಹೋಗಿಬಿಟ್ಟರು ಅಂತ ನಿರ್ಧರಿಸಿ, ಅರ್ಧ ಅತ್ತು, ಆಮೇಲೆ ‘ಹಲೋ’ ಅನ್ನುವವಳು ನಾನು. ಹೊಟ್ಟೆಪಾಡಿಗೆ ಮಾಡುವುದು ಮಾತ್ರ ತರ್ಕಶಾಸ್ತ್ರದ ಪಾಠ. ಮನೆ ಎಚ್.ಡಿ. ಕೋಟೆಯಲ್ಲಿ, ಕಾಲೇಜು ಹುಣಸೂರಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ, ಹದಿನೇಳು ವರ್ಷದ ಮಕ್ಕಳಿಗೆ ‘ನಮಗೆ ಗೊತ್ತು ಅನ್ನುವುದು ನಿಜಕ್ಕೂ ಗೊತ್ತಿದೆಯೇ?’ ಅಂತ ಕೇಳಿ ಗಾಬರಿ ಹುಟ್ಟಿಸಿ ಬರುತ್ತೇನೆ.

ಆ ಮಕ್ಕಳಿಗೆ ನಾನು ಮೊದಲ ವಾರವೇ ಹೇಳುವ ಪಾಠ ಇಷ್ಟು. ತಿಳಿಯುವುದಕ್ಕೆ ದಾರಿಗಳಿವೆ, ಶಾಸ್ತ್ರ ಅವನ್ನು ಪ್ರಮಾಣ ಅನ್ನುತ್ತದೆ. ಕಣ್ಣಾರೆ ಕಂಡರೆ, ಮೂಸಿದರೆ, ಮುಟ್ಟಿದರೆ ಅದು ಪ್ರತ್ಯಕ್ಷ. ಒಂದನ್ನು ಕಂಡು ಇನ್ನೊಂದನ್ನು ಊಹಿಸಿದರೆ ಅನುಮಾನ; ಹೊಗೆ ಕಂಡರೆ ಬೆಂಕಿ ಇದೆ ಅಂದಂತೆ. ಪಿರಿಯಾಪಟ್ಟಣದ ಕಡೆಯ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ, ಅವರ ಮನೆಮನೆಯಲ್ಲೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡು ಇದೆ. ಮೂರನೆಯದು ಶಬ್ದ, ಅಂದರೆ ನಂಬಿಕಸ್ತರ ಮಾತು. ಸುಳ್ಳು ಹೇಳಲು ಕಾರಣವಿಲ್ಲದ, ವಿಷಯ ಬಲ್ಲವರ ಬಾಯಿಂದ ಬಂದರೆ ಅದೂ ಜ್ಞಾನವೇ. ಅಂಥವರನ್ನು ಶಾಸ್ತ್ರದಲ್ಲಿ ಆಪ್ತರು ಅನ್ನುತ್ತಾರೆ. ಇದೆಲ್ಲ ಹೇಳಿ ಮುಗಿಸಿದ ಮೇಲೆ ನನ್ನದೊಂದು ಹಳೆಯ ನಗೆಚಾಟಿಕೆ ಇದೆ. ‘ನೋಡಿ, ಶಾಸ್ತ್ರದಲ್ಲಿ ಅನುಮಾನ ಅಂದರೆ ತಿಳಿವಳಿಕೆ, ನಮ್ಮ ಮನೆಗಳಲ್ಲಿ ಅನುಮಾನ ಅಂದರೆ ಸಂಶಯ. ಅದಕ್ಕೇ ಶಾಸ್ತ್ರ ಓದಿದವರು ಸಂಸಾರದಲ್ಲಿ ಸೋಲುವುದು.’ ಮಕ್ಕಳು ನಗುತ್ತಾರೆ. ನಾನೂ ವರ್ಷಾವರ್ಷ ನಗುತ್ತಿದ್ದೆ.

ಈಗ ನಗು ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಉತ್ತರದ ಗಡಿಯಲ್ಲಿ ಗುಂಡು ಹಾರತೊಡಗಿ, ಯುದ್ಧ ಆಗಿಯೇಬಿಡುತ್ತದೆ ಅನ್ನುವ ದಿನಗಳು ಬಂದವಲ್ಲ, ಆಗ ಕಾಲೇಜಿಗೆ ಬೇಸಿಗೆ ರಜೆ. ನಾನು ಮೂರು ಹೊತ್ತೂ ಟಿವಿ ಮುಂದೆ. ಭೂಪಟದ ಮೇಲೆ ಕೆಂಪು ಬಾಣಗಳು ಓಡುತ್ತಿದ್ದವು. ಕೋಟು ಹಾಕಿದವರು ಕ್ಷಿಪಣಿಗಳ ಉದ್ದಗಲವನ್ನು ಹಲಸಿನಹಣ್ಣಿನ ತೂಕ ಹೇಳಿದ ಹಾಗೆ ಹೇಳುತ್ತಿದ್ದರು. ಹಿಂದೆ ಸೈರನ್ನಿನ ಸದ್ದು. ಅದು ನಿಜವಾದ ಸೈರನ್ನೋ, ಟಿವಿಯವರೇ ಹಾಕಿದ್ದೋ ಗೊತ್ತಾಗುತ್ತಿರಲಿಲ್ಲ. ಗೊತ್ತಾದರೂ ನನ್ನ ಭಯಕ್ಕೆ ಆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎರಡಕ್ಕೂ ನಾನು ಎದ್ದು ಬಾಗಿಲಿನ ಚಿಲಕ ನೋಡಿ ಬರುತ್ತಿದ್ದೆ.

ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಮೇಷ್ಟ್ರು ಒಮ್ಮೆ ನನಗೆ ಒಂದು ಮಾತು ಹೇಳಿದ್ದರು. ಒಂದು ದೇಶ ತನ್ನ ರಕ್ಷಣೆಗೆ ಅಂತಲೇ ಆಯುಧ ಕೊಂಡರೂ ಪಕ್ಕದ ದೇಶಕ್ಕೆ ಅದು ದಾಳಿಯ ತಯಾರಿಯಾಗಿ ಕಾಣುತ್ತದೆ, ಅದೂ ಕೊಳ್ಳುತ್ತದೆ, ಅದನ್ನು ಕಂಡು ಇದು ಇನ್ನಷ್ಟು ಹೆದರುತ್ತದೆ ಅಂತ. ನನಗೆ ಕೂಡಲೇ ಅರ್ಥವಾಯಿತು, ಯಾಕೆಂದರೆ ನಮ್ಮ ಬೀದಿಯಲ್ಲೇ ಅದು ನಡೆದಿತ್ತು. ಕೋತಿ ಕಾಟಕ್ಕೆ ಅಂತ ನಾವು ಕಾಂಪೌಂಡಿನ ಮೇಲೆ ಮುಳ್ಳುತಂತಿ ಎಳೆಸಿದೆವು. ಪಕ್ಕದ ಮನೆಯವರು ಅದು ತಮಗೇ ಅಂದುಕೊಂಡು ಕ್ಯಾಮೆರಾ ಹಾಕಿಸಿದರು. ಆ ಕ್ಯಾಮೆರಾ ನಮ್ಮ ಬಚ್ಚಲ ಕಡೆ ತಿರುಗಿದೆ ಅಂತ ನಾವು ಗೋಡೆ ಎತ್ತರಿಸಿದೆವು. ಈಗ ಎರಡು ಮನೆಗೂ ಬಿಸಿಲಿಲ್ಲ. ಕೋತಿಗಳು ಮಾತ್ರ ಮುಂಚಿನ ಹಾಗೆಯೇ ಬಂದುಹೋಗುತ್ತವೆ. ದೇಶಗಳಿಗೂ ನಮಗೂ ಇರುವ ಕಷ್ಟ ಒಂದೇ: ಎದುರಿನವನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡುವ ಅಭ್ಯಾಸ ಮನುಷ್ಯನಿಗಿಲ್ಲ, ಅಲ್ಲಿಗೆ ಭಯವನ್ನು ತಂದು ತುಂಬುತ್ತಾನೆ.

ನನ್ನ ಭಯಕ್ಕೆ ಒಂದು ವಿಳಾಸವೂ ಇತ್ತು. ನನ್ನ ಅಕ್ಕ ರಾಜಮ್ಮಣ್ಣಿಯ ಮನೆ ಇರುವುದು ಬೀಚನಹಳ್ಳಿಯಿಂದ ಸ್ವಲ್ಪ ಕೆಳಗೆ, ಹೊಳೆಯ ಬದಿಯ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಬೇಡ. ಭಾವ ಕಬಿನಿ ಅಣೆಕಟ್ಟೆಯಲ್ಲಿ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಆ ವಾರ ಅಣೆಕಟ್ಟೆಯ ಹತ್ತಿರ ಕಾವಲು ಹೆಚ್ಚಿಸಿ, ನೋಡಲು ಬರುವವರನ್ನು ನಿಲ್ಲಿಸಿದ್ದರು. ಕಾವಲು ಹಾಕಿದ್ದು ಅಪಾಯ ತಪ್ಪಿಸಲಿಕ್ಕೆ. ಊರವರಿಗೆ ಮಾತ್ರ ಅದು ಅಪಾಯ ಬಂತು ಅನ್ನುವುದಕ್ಕೆ ಸಾಕ್ಷಿಯಾಗಿ ಕಂಡಿತು. ತಲೆಯ ಮೇಲೆ ಅಷ್ಟೊಂದು ನೀರು ಹೊತ್ತುಕೊಂಡು ಬದುಕುವವರಿಗೆ ಹಾಗೆ ಕಂಡರೆ ತಪ್ಪೆನ್ನುವುದು ಹೇಗೆ? ಅಕ್ಕನ ಬೀದಿಯ ಒಬ್ಬ ಮುದುಕಿ ಬಟ್ಟೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡಿದ್ದಳಂತೆ. ಆಡುಗಳನ್ನು ಕಟ್ಟುವುದನ್ನೂ ಬಿಟ್ಟಿದ್ದಳಂತೆ, ನೀರು ನುಗ್ಗಿದರೆ ಅವಾದರೂ ಓಡಿ ಬದುಕಲಿ ಅಂತ.

ಒಂದು ಶನಿವಾರ ಬೆಳಗ್ಗೆ ಮೈಸೂರಿನ ಹಳೆಯ ಗೆಳತಿಯೊಬ್ಬಳು ನನಗೆ ವಾಟ್ಸಪ್ಪಿನಲ್ಲಿ ಒಂದು ಸಂದೇಶ ಕಳಿಸಿದಳು. ‘ಕಬಿನಿ ಡ್ಯಾಮ್ ಸುತ್ತ ಮುತ್ತ ಶತೃ ಡ್ರೋನ್ ಗಳು ಹಾರಾಡ್ತಿವೆಯಂತೆ ಹೊಸಬರು ಕಂಡ್ರೆ ಹುಶಾರಾಗಿರಬೇಕಂತೆ.’ ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಅಕ್ಕನಿಗೆ ತಿಳಿಸಬೇಕು ಅಂತ ಒಂದೇ ಯೋಚನೆ. ಆದರೆ ಮೇಡಂ ನೋಡಿ ನಾನು! ಇದ್ದದ್ದನ್ನು ಇದ್ದ ಹಾಗೆ ಕಳಿಸಲು ಮನಸ್ಸು ಬರಲಿಲ್ಲ. ತಪ್ಪುಗಳನ್ನು ತಿದ್ದಿದೆ. ‘ಶತೃ’ವನ್ನು ‘ಶತ್ರು’ ಮಾಡಿದೆ. ಎಲ್ಲೆಲ್ಲಿ ಬೇಕೋ ಅಲ್ಲಿ ಚುಕ್ಕಿ ಇಟ್ಟೆ. ಆ ‘ಅಂತೆ’ಗಳು ಅಜ್ಜಿಕಥೆಯ ಹಾಗೆ ಕೇಳಿಸಿದವು, ಕಿತ್ತುಹಾಕಿದೆ. ಕೊನೆಗೆ ನಮ್ಮ ಮನೆಯವರ ಗುಂಪಿಗೆ ಹೋದದ್ದು ಇದು: ‘ಕಬಿನಿ ಅಣೆಕಟ್ಟೆಯ ಸುತ್ತಮುತ್ತ ಶತ್ರುಗಳ ಡ್ರೋನುಗಳು ಹಾರಾಡುತ್ತಿವೆ. ಅಪರಿಚಿತರು ಕಂಡುಬಂದಲ್ಲಿ ಎಚ್ಚರ ವಹಿಸಿ.’

ಹಾಲು ಇಳಿಸಿದೆ. ಉಕ್ಕಲಿಲ್ಲ ಅಂತ ಸಮಾಧಾನಪಟ್ಟುಕೊಂಡೆ.

ನಮ್ಮ ಕನ್ನಡ ನಮಗೆ ಮಾಡಿರುವ ಉಪಕಾರಗಳಲ್ಲಿ ಈ ‘ಅಂತೆ’ ದೊಡ್ಡದು. ‘ಮಳೆ ಬಂತು’ ಅಂದರೆ ನಾನು ನೆನೆದಿದ್ದೇನೆ. ‘ಮಳೆ ಬಂತಂತೆ’ ಅಂದರೆ ನೆನೆದವರು ಬೇರೆ ಯಾರೋ, ನಾನು ಬರಿ ಕೇಳಿದವಳು. ಪ್ರಮಾಣಶಾಸ್ತ್ರದ ದಪ್ಪ ಪುಸ್ತಕಗಳು ಹೇಳುವುದನ್ನು ನಮ್ಮ ಅಜ್ಜಿಯರು ಎರಡಕ್ಷರದಲ್ಲಿ ಹೇಳಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅಂತೆಕಂತೆ ಅಂತ ನಾವು ಅದನ್ನು ಹಳಿಯುತ್ತೇವೆ. ಅದು ಪ್ರಾಮಾಣಿಕರ ಪ್ರತ್ಯಯ. ‘ಇದಕ್ಕೆ ನಾನು ಜವಾಬ್ದಾರಳಲ್ಲ, ನೀವೇ ನೋಡಿಕೊಳ್ಳಿ’ ಅಂತ ಬಾಗಿಲು ಸ್ವಲ್ಪ ತೆರೆದಿಡುವ ಮಾತು. ಆ ಬಾಗಿಲನ್ನು ನಾನು ವ್ಯಾಕರಣದ ಹೆಸರಿನಲ್ಲಿ ಮುಚ್ಚಿ ಚಿಲಕ ಹಾಕಿದ್ದೆ.

ಹನ್ನೊಂದೂವರೆಗೆ ಅಕ್ಕನ ಫೋನು ಬಂತು.

“ಮಂಗಳಾ, ನೀ ಕಳ್ಸಿದ್ನ ಊರೋರ್ ಗುಂಪ್ಗೂ ಆಕಿದ್ದೆ, ನಿಜ ಆಯ್ತು ಕಣೆ! ಸಿಕ್ಬಿದ್ದ! ನಾಲೆ ಪಕ್ಕ ಶುಂಠಿ ಒಲದಲ್ಲಿ ಡ್ರೋನ್ ಬುಡ್ತಿದ್ನಂತೆ. ಡೈರಿ ಮುಂದೆ ಕೂರ್ಸವ್ರೆ.”

ನಿಮ್ಮೊಡನೆ ಮುಚ್ಚಿಡುವುದೇನು, ನನಗೆ ಮೊದಲು ಆದದ್ದು ಹೆಮ್ಮೆ. ನಾನು ಹೇಳಿದ್ದು ನಿಜವಾಯಿತು! ಊರನ್ನು ಉಳಿಸಿದೆ! ಆಮೇಲೆ ಅಕ್ಕ ಮುಂದುವರಿಸಿದಳು: “ಡ್ರೋನಿಗೆ ಒಂದು ಕ್ಯಾನ್ ಕಟ್ಟವ್ನೆ ಕಣೆ. ನಾಲೆಗೆ ಇಸ ಬೆರ್ಸಕ್ಕೇ ಅಂತಾವ್ರೆ. ಕೇರಳದೋನಂತೆ.”

ಕ್ಯಾನು. ಶುಂಠಿ. ಕೇರಳ. ನಮ್ಮ ಕೋಟೆ ತಾಲೂಕಿನಲ್ಲಿ ಕೇರಳದವರು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವುದು ನನ್ನ ಮದುವೆಗೂ ಮುಂಚಿನಿಂದ ಇದೆ. ಈಚೆಗೆ ಅವರು ಡ್ರೋನಿನಲ್ಲಿ ಔಷಧಿ ಹೊಡೆಯುವುದನ್ನು ಬಸ್ಸಿನ ಕಿಟಕಿಯಿಂದ ನಾನೇ ಎಷ್ಟು ಸಲ ನೋಡಿದ್ದೇನೆ. ಕಣ್ಣಾರೆ ಕಂಡದ್ದು! ಆದರೆ ಆ ಸಂದೇಶ ತಿದ್ದುವಾಗ ಅದೊಂದೂ ನೆನಪಿಗೆ ಬಂದಿರಲಿಲ್ಲ. ಭಯ ಬಂದಾಗ ನಾವು ನೋಡಿದ್ದೆಲ್ಲ ಅಳಿಸಿಹೋಗಿ ಕೇಳಿದ್ದು ಮಾತ್ರ ಉಳಿಯುತ್ತದೆ.

“ಅಕ್ಕಾ, ಹೊಡೀಬೇಡಿ ಅಂತ ಹೇಳು. ನಾನು ಬರ್ತಿದೀನಿ.”

“ಆಗ್ಲೇ ಎಲ್ಡು ಬುಟ್ಟವ್ರೆ ಕಣೆ,” ಅಂದಳು ಅಕ್ಕ. ದನಿಯಲ್ಲಿದ್ದ ಸಡಗರ ಇಳಿದಿತ್ತು.

ಕೋಟೆಯಿಂದ ಅಲ್ಲಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಅಷ್ಟು ದಿನ ಟಿವಿ ನೋಡಿ ಪಟ್ಟ ಭಯವೆಲ್ಲ ಭಯವೇ ಅಲ್ಲ ಅಂತ ಆ ದಾರಿಯಲ್ಲಿ ತಿಳಿಯಿತು. ಅದು ಬೇರೆ ಯಾರೋ ನನಗೆ ಏನೋ ಮಾಡುತ್ತಾರೆ ಅನ್ನುವ ಭಯ. ಇದು ನಾನು ಯಾರಿಗೋ ಮಾಡಿಬಿಟ್ಟೆನೇನೋ ಅನ್ನುವ ಭಯ. ಎರಡು ಸಲ ಗಾಡಿ ರಸ್ತೆಯ ಅಂಚಿಗೆ ಇಳಿಯಿತು. ಆ ಮನುಷ್ಯ ಸತ್ತುಹೋದರೆ? ಅವನ ಸಾವಿಗೆ ಕಾರಣ ಯಾರು ಅಂತ ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಕೇಳಿದರೆ, ನಾಲ್ಕು ಅಂಕದ ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು.

ಡೈರಿಯ ಮುಂದೆ ಐವತ್ತು ಅರವತ್ತು ಜನ ಸೇರಿದ್ದರು. ಜಗಲಿಯ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ, ಅವನದೇ ಟವಲಿನಲ್ಲಿ ಕೈಕಟ್ಟಿಸಿಕೊಂಡು ಕೂತಿದ್ದ. ತುಟಿ ಒಡೆದಿತ್ತು. ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಡ್ರೋನು ಕಾಲು ಮುರಿದ ಜೇಡದ ಹಾಗೆ ಬಿದ್ದಿತ್ತು. ಅವನು ಹೆಸರು ಶಾಜಿ ಅಂದಿದ್ದ, ಊರು ಮಾನಂದವಾಡಿ ಅಂದಿದ್ದ. ಶಾಜಿ ಅನ್ನುವ ಹೆಸರನ್ನು ಅಲ್ಲಿ ಎಲ್ಲ ಮತದವರೂ ಇಟ್ಟುಕೊಳ್ಳುತ್ತಾರೆ. ಗುಂಪಿನಲ್ಲಿ ಒಬ್ಬೊಬ್ಬರಿಗೂ ಅವರವರಿಗೆ ಬೇಕಾದದ್ದು ಕೇಳಿಸಿತ್ತು.

“ತಪ್ಪು ಮಾಡ್ದೋನಾದ್ರೆ ಓಡೋಗದ್ಯಾಕ್ಲಾ?” ಅಂತ ದೊಣ್ಣೆ ಹಿಡಿದ ಒಬ್ಬ ಕೇಳುತ್ತಿದ್ದ. ಮಾತು ತಡವರಿಸಿತ್ತು, ಅವನು ಹೇಳಬೇಕೆಂದಿದ್ದದ್ದು ತಪ್ಪು ಮಾಡದವನಾದರೆ ಅಂತ. ಯಾರೂ ಗಮನಿಸಲಿಲ್ಲ. “ನಮ್ಮುನ್ನ ಕಂಡೇಟ್ಗೆ ಓಡ್ದ ಕಣ್ರಪ್ಪ, ಡ್ರೋನೂ ಬುಟ್ಬುಟ್ಟು ಓಡ್ದ.” ಹೊಗೆ ಕಂಡ ಮೇಲೆ ಬೆಂಕಿ ಇರಲೇಬೇಕಲ್ಲ. ಶುದ್ಧ ಅನುಮಾನ ಪ್ರಮಾಣ, ನನ್ನ ಪಾಠದ ಪ್ರಕಾರವೇ.

ನಾನು ಜಗಲಿ ಹತ್ತಿದೆ. “ನೋಡ್ರಪ್ಪ, ಇವರು ಶುಂಠಿಗೆ ಔಷಧಿ ಹೊಡೆಯೋರು. ಬಿಟ್ಟುಬಿಡಿ. ಡ್ರೋನ್ ಬಂದವೆ ಅನ್ನೋದು ಯಾರೋ ಹೇಳಿದ ಮಾತು,” ಅಂದೆ.

ಒಬ್ಬ ಫೋನು ಎತ್ತಿ ತೋರಿಸಿದ. “ಯಾರೋ ಏನ್ ಬಂತು? ಮೇಡಮ್ಮೋರೇ, ನೀವೇ ಕಳ್ಸಿರದಲ್ವಾ? ಇಲ್ನೋಡಿ, ಎಷ್ಟ್ ನೀಟಾಗ್ ಬರ್ದಿದ್ದೀರ. ‘ಹಾರಾಡುತ್ತಿವೆ’ ಅಂತ.”

“ಕಾಲೇಜ್ ಮೇಡಮ್ಮೋರು ಸುಳ್ಳು ಯಾಕ್ ಹೇಳಾರು?” ಅಂತ ಹಿಂದಿನಿಂದ ಇನ್ನೊಂದು ದನಿ.

ಸುಳ್ಳು ಹೇಳಲು ಕಾರಣವಿಲ್ಲದ, ವಿಷಯ ಬಲ್ಲವರು. ಆಪ್ತರು. ಅದು ನಾನೇ ಆಗಿದ್ದೆ. ಗೆಳತಿ ಯಾರಿಂದಲೋ ಪಡೆದು ನನಗೆ ಕಳಿಸಿದ ಗಾಳಿಮಾತು, ನನ್ನ ಕಾಗುಣಿತದ ಮೂಲಕ ಹಾದು, ಪ್ರಮಾಣವಾಗಿ ಇವರ ಕೈಗೆ ಬಂದಿತ್ತು.

“ನಂಗೆ ಗೊತ್ತಿಲ್ಲ,” ಅಂದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಐವತ್ತು ಜನರ ಮುಂದೆ ನಿಂತು ಈ ಮಾತು ಆಡಿರಲಿಲ್ಲ. “ನಂಗೆ ಯಾರೋ ಕಳಿಸಿದ್ರು. ನಾನು ಏನೂ ನೋಡಿಲ್ಲ, ಯಾರನ್ನೂ ಕೇಳಿಲ್ಲ. ಹೆದರಿಕೊಂಡು ಕಳಿಸಿದೆ. ಅದು ನಂದೇ ತಪ್ಪು.”

ಇಷ್ಟು ಹೇಳಿದರೆ ಗುಂಪು ಕರಗುತ್ತದೆ ಅಂದುಕೊಂಡಿದ್ದೆ. ಸತ್ಯಕ್ಕೆ ಅಂಥ ಶಕ್ತಿ ಇದೆ ಅಂತ ನಾವು ಮೇಷ್ಟ್ರುಗಳು ನಂಬಿರುತ್ತೇವೆ. ದೊಣ್ಣೆಯವನು ನನ್ನನ್ನು ಕನಿಕರದಿಂದ ನೋಡಿ, “ಪಾಪ, ಮೇಡಮ್ಮೋರ್ನ ಯಾರೋ ಎದರ್ಸವ್ರೆ ಕಣ್ರಲಾ,” ಅಂದ. ಗುಂಪಿನಲ್ಲಿ ಗುಜುಗುಜು ಎದ್ದಿತು. ಹೆದರಿಸಿದವರು ಯಾರು? ಇವನ ಕಡೆಯವರು ಇನ್ನೂ ಎಷ್ಟು ಜನ ಇದ್ದಾರೆ? ನಾನು ಆಡಿದ ನಿಜ ಹೊಸ ಭಯಕ್ಕೆ ಸೌದೆಯಾಯಿತು. ಎರಡು ಹೆಜ್ಜೆ ಮುಂದೆ ಬಂದ ಆ ಜನರ ಕಣ್ಣು ನೋಡಿದೆ. ಕ್ರೌರ್ಯ ಕಾಣಲಿಲ್ಲ. ನನ್ನ ಕಣ್ಣಿನಲ್ಲಿ ಇದ್ದದ್ದೇ ಅಲ್ಲೂ ಇತ್ತು. ಅದರಿಂದ ನನಗೆ ಧೈರ್ಯ ಬರಲಿಲ್ಲ, ಇನ್ನಷ್ಟು ಹೆದರಿದೆ.

ಆಗ ಅಕ್ಕ ಮುಂದೆ ಬಂದಳು. ಆರನೇ ಕ್ಲಾಸು ಓದಿದವಳು ನನ್ನ ಅಕ್ಕ. ಯಾರಿಗೂ ಏನೂ ಹೇಳದೆ ಡ್ರೋನಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಒಡೆದ ಕ್ಯಾನಿಗೆ ಮೂಗು ಒಡ್ಡಿದಳು. “ಥೂ!” ಅಂತ ಮುಖ ಕಿವುಚಿದಳು. “ಇದು ಕೊಳೆರೋಗದ ಔಷ್ದಿ ಕಣ್ರಲಾ. ನಮ್ಮಟ್ಟಿ ಮೂಲೇಲೂ ಒಂದ್ ಕ್ಯಾನ್ ಕುಂತದೆ. ಬಂದು ಮೂಸ್ ನೋಡ್ರಿ.”

ದೊಣ್ಣೆಯವನೇ ಮೊದಲು ಬಗ್ಗಿದ. ಮೂಸಿದ. ದೊಣ್ಣೆಯನ್ನು ಗೋಡೆಗೆ ಒರಗಿಸಿದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಶುಂಠಿ ಬೆಳೆಯುವ ಊರಿನಲ್ಲಿ ಆ ವಾಸನೆ ಗೊತ್ತಿಲ್ಲದ ಮೂಗು ಇರಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಗೆ ಬಂದ ಹಾಗೆ ಒಬ್ಬೊಬ್ಬರೇ ಬಗ್ಗಿ, ಮೂಸಿ, ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದರು. ಯಾರೋ ಟವಲು ಬಿಚ್ಚಿದರು. ಯಾರೋ ಚೊಂಬಿನಲ್ಲಿ ನೀರು ತಂದರು. ಹತ್ತು ನಿಮಿಷ ಕಳೆಯುವುದರಲ್ಲಿ ಡೈರಿಯ ಮುಂದೆ ನಾವು ಏಳೆಂಟು ಜನ ಉಳಿದಿದ್ದೆವು. ಪೊಲೀಸರು ಬಂದರು, ಕಾಗದಪತ್ರ ನೋಡಿದರು, ಎಲ್ಲ ಸರಿಯಾಗಿದೆ ಅಂದರು. ಹೊಡೆದವರು ಯಾರು ಅಂದಾಗ ಶಾಜಿ ತಲೆ ಅಲ್ಲಾಡಿಸಿದ, ಗೊತ್ತಿಲ್ಲ ಅಂತ. ಕನ್ನಡಕ ಒಡೆದಿತ್ತು ನಿಜ. ಆದರೂ ಅವನಿಗೆ ಗೊತ್ತಿತ್ತು. ನನ್ನ ಪಾಠದ ಯಾವ ಪ್ರಮಾಣಕ್ಕೂ ಸಿಗದ ಇನ್ನೊಂದು ಬಗೆಯ ಜ್ಞಾನ ಅದು: ನಾಳೆಯೂ ಇದೇ ಊರಿನಲ್ಲಿ ಬೇಸಾಯ ಮಾಡಬೇಕು ಅನ್ನುವುದು.

ಅವನಿಗೆ ಕೈಮುಗಿದೆ. ನನ್ನ ಕಡೆ ನೋಡದೆ ಗಾಡಿ ಹತ್ತಿ ಹೋದ.

ಮನೆಗೆ ಬಂದು ಆ ಸಂದೇಶವನ್ನು ಅಳಿಸಿದೆ. ಅಲ್ಲೊಂದು ‘ಈ ಸಂದೇಶವನ್ನು ಅಳಿಸಲಾಗಿದೆ’ ಅನ್ನುವ ಸಾಲು ಉಳಿಯಿತು. ಅದನ್ನು ಕಂಡು ಕೆ.ಆರ್. ನಗರದಲ್ಲಿರುವ ನಮ್ಮ ಚಿಕ್ಕಮ್ಮ ಫೋನು ಮಾಡಿ, ಸರ್ಕಾರದವರೇ ಅಳಿಸಿಬಿಟ್ಟರೇನೇ, ಹಾಗಾದರೆ ವಿಷಯ ದೊಡ್ಡದೇ ಇರಬೇಕು ಅಂತ ಪಿಸುಗುಟ್ಟಿದರು. ನಡೆದದ್ದನ್ನೆಲ್ಲ ಉದ್ದಕ್ಕೆ ಬರೆದು, ತಪ್ಪು ಒಪ್ಪಿಕೊಂಡು ಗುಂಪಿಗೆ ಹಾಕಿದೆ. ಮೂವರು ಕೈಮುಗಿಯುವ ಚಿತ್ರ ಕಳಿಸಿದರು. ಮುಂದಕ್ಕೆ ಕಳಿಸಿದವರು ಯಾರೂ ಇಲ್ಲ.

ವೇದಾಂತಿಗಳಿಗೆ ಬಲು ಪ್ರಿಯವಾದ ಒಂದು ಉದಾಹರಣೆ ಇದೆ. ನಸುಗತ್ತಲಲ್ಲಿ ಬಿದ್ದ ಹಗ್ಗ ಹಾವಿನಂತೆ ಕಾಣುತ್ತದೆ, ದೀಪ ತಂದರೆ ಹಾವು ಮಾಯ, ಉಳಿಯುವುದು ಹಗ್ಗ, ಭ್ರಮೆ ಹರಿಯಿತು ಅಂತ. ಎಷ್ಟು ವರ್ಷ ಇದನ್ನು ಮೆಚ್ಚಿ ಮೆಚ್ಚಿ ಹೇಳಿಕೊಟ್ಟಿದ್ದೇನೆ. ದೀಪ ಬರುವುದರೊಳಗೆ ಹಗ್ಗಕ್ಕೆ ಬಿದ್ದ ದೊಣ್ಣೆಯ ಏಟುಗಳ ಬಗ್ಗೆ ನಾನು ಯೋಚಿಸಿರಲಿಲ್ಲ. ಹಗ್ಗಕ್ಕೆ ನೋವಾಗುವುದಿಲ್ಲ, ಅದಕ್ಕೇ ಉದಾಹರಣೆ ಅಷ್ಟು ನಯವಾಗಿ ಮುಗಿಯುತ್ತದೆ. ದೇಶದೇಶಗಳ ಮಧ್ಯೆಯೂ ದೀಪ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಯುಧ ಇತ್ತೋ ಇಲ್ಲವೋ, ಮೊದಲು ಹಾರಿಸಿದವರು ಯಾರು, ಎಲ್ಲ ತಿಳಿಯುತ್ತದೆ. ಆ ಹೊತ್ತಿಗೆ ತಿಳಿದುಕೊಳ್ಳುವುದಕ್ಕೆ ಯಾರು ಉಳಿದಿರುತ್ತಾರೆ ಅನ್ನುವುದೇ ನನ್ನ ಹೆದರಿಕೆ. ಗಡಿಯ ಗುಂಡಿನ ಸದ್ದು ನಿಂತಿತು ಅಂತ ಟಿವಿ ಹೇಳಿದ ಮೇಲೂ ನನಗೆ ಆ ಹೆದರಿಕೆ ಹೋಗಿಲ್ಲ.

ಹತ್ತು ದಿನ ಬಿಟ್ಟು ಅಕ್ಕನ ಜೊತೆ ಆ ಶುಂಠಿ ಹೊಲಕ್ಕೆ ಹೋದೆ. ಹೋಗದಿದ್ದರೆ ಊಟ ಸೇರುವ ಹಾಗಿರಲಿಲ್ಲ. ಶಾಜಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಕೈಪಂಪಿನಲ್ಲಿ ಔಷಧಿ ಹೊಡೆಯುತ್ತಿದ್ದ. ತುಟಿಯ ಗಾಯ ಒಣಗಿತ್ತು. ನಮ್ಮನ್ನು ಕಂಡು ಪಂಪು ಒತ್ತುವುದನ್ನು ನಿಲ್ಲಿಸಿದ. ಓಡಿಬಿಡುತ್ತಾನೇನೋ ಅನ್ನಿಸಿತು. ಅಕ್ಕ, “ಬಾ ಅಣ್ಣ, ಯಾರೂ ಇಲ್ಲ, ನಾವೆ ಇಬ್ರು,” ಅಂದಳು. ಕ್ಯಾನು ಇಳಿಸಿ ಬದುವಿನ ಮೇಲೆ ಬಂದು ಕೂತ.

“ಆ ಮೆಸೇಜು ಬರೆದವಳು ನಾನೇ,” ಅಂದೆ.

“ಗೊತ್ತು, ಟೀಚರೇ,” ಅಂದ. ಮಣ್ಣು ಕೆದಕಿದ. ಆಮೇಲೆ ನಿಧಾನವಾಗಿ, ಮಲಯಾಳದ ಎಳೆತದ ಕನ್ನಡದಲ್ಲಿ ಹೇಳಿದ: “ಅದು ಬೆಳಿಗ್ಗೆ ನನಗೂ ಬಂದಿತ್ತು. ನನಗೆ ಕನ್ನಡ ಓದಲಿಕ್ಕೆ ಬರೋದಿಲ್ಲ. ಜಮೀನಿನ ಯಜಮಾನರು ಫೋನಲ್ಲಿ ಓದಿ ಹೇಳಿದರು. ನಾನು ಊರಲ್ಲಿ ಹೆಂಡತಿಗೆ ಹೇಳಿದೆ, ಇಲ್ಲಿ ಶತ್ರು ಡ್ರೋನ್ ಬಂದಿದೆ, ಮಕ್ಕಳನ್ನ ಹೊರಗೆ ಬಿಡಬೇಡ ಅಂತ. ಅವಳು ಅವರ ಚರ್ಚಿನ ಗುಂಪಿಗೆ ಹಾಕಿದಳು.”

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು.

“ಬೆಳಿಗ್ಗೆಯಿಂದ ಆಕಾಶ ನೋಡಿಕೊಂಡೇ ಔಷಧಿ ಹೊಡೆಯುತ್ತಿದ್ದೆ. ಪೇಡಿ, ಟೀಚರೇ, ತುಂಬಾ ಪೇಡಿ.” ಪೇಡಿ ಅಂದರೆ ಅವರಲ್ಲಿ ಭಯ. “ಅಷ್ಟರಲ್ಲಿ ಆ ಕಡೆಯಿಂದ ಜನ ಎಲ್ಲ ಕೂಗಿಕೊಂಡು ಓಡಿ ಬಂದರು, ‘ಡ್ರೋನ್, ಡ್ರೋನ್’ ಅಂತ. ನಾನು ಅಂದುಕೊಂಡೆ, ಅಯ್ಯೋ, ಬಂದೇಬಿಡ್ತು, ಅದಕ್ಕೇ ಇವರು ಓಡ್ತಿದ್ದಾರೆ. ನಾನೂ ಓಡಿದೆ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದಳು. ಶಾಜಿಯೂ ನಕ್ಕ, ತುಟಿ ನೋಯುತ್ತಿದ್ದುದರಿಂದ ಅರ್ಧವೇ ನಕ್ಕ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲವೇ ಇಲ್ಲದ ಒಂದೇ ಡ್ರೋನಿಗೆ ಹೆದರಿ, ಹೊಡೆಯುವವರೂ ಹೊಡೆಸಿಕೊಳ್ಳುವವನೂ ಒಂದೇ ದಿಕ್ಕಿಗೆ ಓಡಿದ್ದರು.

ಅವನು ಎದ್ದು ಕ್ಯಾನು ಬೆನ್ನಿಗೇರಿಸಿಕೊಂಡ. ಪಂಪು ಒತ್ತುವ ಮೊದಲು ತಲೆಯೆತ್ತಿ ಒಮ್ಮೆ ಸುತ್ತಲೂ ನೋಡಿ, ಕೈ ತೋರಿಸಿದ. “ಗಾಳಿ ತಿರುಗಿದೆ, ಟೀಚರೇ. ಅಲ್ಲಿ ನಿಲ್ಲಬೇಡಿ, ಕಣ್ಣು ಉರಿಯುತ್ತೆ. ಈ ಕಡೆ ಬನ್ನಿ.”

ನನಗೆ ಗಾಳಿ ಬೀಸಿದ್ದೇ ತಿಳಿದಿರಲಿಲ್ಲ. ಹೌದೇ ಅಂತ ಕೇಳಲಿಲ್ಲ, ಎಲೆ ಎತ್ತ ಅಲ್ಲಾಡುತ್ತಿದೆ ಅಂತ ನೋಡಲೂ ಇಲ್ಲ. ಸೀರೆ ಎತ್ತಿಕೊಂಡು, ಬದು ದಾಟಿ, ಅವನು ತೋರಿಸಿದ ಕಡೆ ಹೋಗಿ ನಿಂತೆ.